ಹೊಸ್ತಿಲಿನಾಚೆಯ ಬಳಗ

ಮನೆಯ ಹೊಸ್ತಿಲನ್ನು ದಾಟದೆಯೇ ಊರೂರುಗಳಲ್ಲಿ ಬಳಗವನ್ನು ಕೂಡಿಸಿಕೊಳ್ಳುವುದು ಸಾಧ್ಯವೆ? ನಂಜನಗೂಡಿನ ತಿರುಮಲಾಂಬಾ ಅವರ ಚರಿತ್ರೆಯನ್ನು ಬಲ್ಲವರು ಸಾಧ್ಯವೆಂದೇ ಹೇಳುವರು.

1887ರಲ್ಲಿ ಜನಿಸಿದ ಆಕೆಗೆ ಹತ್ತನೆಯ ವಯಸ್ಸಿನಲ್ಲಿ ವಿವಾಹ, ಹದಿನಾಲ್ಕರಲ್ಲಿ ವೈಧವ್ಯ. ಆ ಕಾಲದ ಬಾಲವಿಧವೆಗೆ ನಾಲ್ಕು ಜನರ ನಡುವೆ, ಶುಭಕಾರ್ಯಗಳಲ್ಲಿ, ಸ್ಥಾನವಿರಲಿಲ್ಲ. ಅಡಿಗೆಮನೆ, ದೇವರಮನೆಗಳೇ ಆಕೆಯ ಪ್ರಪಂಚ. ಆದರೆ ತಿರುಮಲಾಂಬಾ ಅವರ ತಂದೆ ಮಗಳಿಗೆ ಓದಿನ ದಾರಿಯನ್ನು ತೆರೆದರು. ಓದು ಬರಹವಾಯಿತು, ಬರಹವು ಮುದ್ರಣಯಂತ್ರವನ್ನು ಸೇರಿತು.

1913ರಲ್ಲಿ ಆಕೆ 'ಸತೀಹಿತೈಷಿಣೀ' ಗ್ರಂಥಮಾಲೆಯನ್ನು ಸ್ಥಾಪಿಸಿ 'ಸುಶೀಲೆ' ಎಂಬ ಕಾದಂಬರಿಯನ್ನು ಪ್ರಕಟಿಸಿದರು. 1917ರಲ್ಲಿ 'ಕರ್ನಾಟಕ ನಂದಿನಿ' ಪತ್ರಿಕೆಯನ್ನು ಹೊರಡಿಸಿದರು. ಪುಸ್ತಕವು ಒಮ್ಮೆ ಬಂದು ನಿಲ್ಲುವ ಅತಿಥಿ. ಪತ್ರಿಕೆಯಾದರೋ ಮತ್ತೆ ಮತ್ತೆ ಬಾಗಿಲು ತಟ್ಟುವ ಗೆಳತಿ. ಹೊರಗೆ ಕಾಲಿಡಲಾರದ ಹೆಂಗಸಿನ ಬಳಿಗೆ ಅಂಚೆಯವನು ಅದನ್ನು ತಂದೊಪ್ಪಿಸುವನು. ಮನೆಯಲ್ಲಿ ಓದಬಲ್ಲವಳು ಒಬ್ಬಳಿದ್ದರೆ ಸಾಕು, ಉಳಿದವರು ಸುತ್ತ ಕುಳಿತು ಕೇಳಬಹುದು. ತನ್ನಂಥವರು ಬೇರೆ ಊರುಗಳಲ್ಲಿಯೂ ಇದ್ದಾರೆಂಬ ಅರಿವು ಒಂಟಿಯಾದ ಜೀವಕ್ಕೆ ಸಣ್ಣ ಸಮಾಧಾನವೇನಲ್ಲ. 1921ರಲ್ಲಿ ಬೆಂಗಳೂರಿನಲ್ಲಿ ಇನ್ನೊಬ್ಬ ಬಾಲವಿಧವೆ, ಆರ್. ಕಲ್ಯಾಣಮ್ಮನವರು, 'ಸರಸ್ವತಿ' ಪತ್ರಿಕೆಯನ್ನು ಆರಂಭಿಸಿ ಈ ಕೆಲಸವನ್ನು ದಶಕಗಳ ಕಾಲ ನಡೆಸಿದರು.

ತಿರುಮಲಾಂಬಾ ಅವರ ಲೇಖನಿ ಮುಂದೆ ಮೌನ ತಾಳಿತು. ಮದರಾಸಿನಲ್ಲಿ ನೆಲೆಸಿದ ಆಕೆಯನ್ನು ಕನ್ನಡಿಗರು ಬಹುಮಟ್ಟಿಗೆ ಮರೆತೇಬಿಟ್ಟರು. 1982ರಲ್ಲಿ ಆಕೆ ತೀರಿಕೊಂಡರು. ಇತರರ ಏಕಾಂತವನ್ನು ನೀಗಲು ಶ್ರಮಿಸಿದವರಿಗೆ ಕೊನೆಗೆ ಉಳಿದದ್ದು ಏಕಾಂತವೇ. ಲೇಖಕಿಯರಿಗೆ ಆಕೆಯ ಹೆಸರಿನಲ್ಲಿ ಪ್ರಶಸ್ತಿಯನ್ನು ಏರ್ಪಡಿಸಿದ್ದು ಆ ಋಣದ ಒಂದು ಪಾಲು. ಉಳಿದ ಪಾಲನ್ನು ಓದಿ ತೀರಿಸುವುದು ನಮ್ಮ ನಿಮ್ಮ ಹೊಣೆ.