ಕುರ್ಲಾದ ಪದ್ಮಿನಿ

೨೦೨೩ನೆಯ ಇಸವಿಯು ಮುಂಬಯಿಯ ರಸ್ತೆಗಳಿಂದ ಎರಡು ಹಳೆಯ ಪರಿಚಯಗಳನ್ನು ಕಿತ್ತುಕೊಂಡಿತು. ಸೆಪ್ಟೆಂಬರ್ ೧೫ರಂದು ಬೆಸ್ಟ್ ಸಂಸ್ಥೆಯ ಡೀಸೆಲ್ ಡಬಲ್‌ಡೆಕರ್ ಬಸ್ಸು ಕೊನೆಯ ಬಾರಿಗೆ ಓಡಿತು. ಒಂದೂವರೆ ತಿಂಗಳ ನಂತರ, ಅಕ್ಟೋಬರ್ ೩೦ರಿಂದ, ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿಯೂ ಇಲ್ಲವಾಯಿತು. ಮುಂಬಯಿಯ ಟ್ಯಾಕ್ಸಿಗೆ ಇಪ್ಪತ್ತು ವರ್ಷಗಳ ವಯೋಮಿತಿ. ಕೊನೆಯ ಪದ್ಮಿನಿ ಟ್ಯಾಕ್ಸಿ ತಾಡದೇವದ ಸಾರಿಗೆ ಕಚೇರಿಯಲ್ಲಿ ದಾಖಲಾದದ್ದು ೨೦೦೩ರ ಅಕ್ಟೋಬರ್ ೨೯ರಂದು. ಲೆಕ್ಕಕ್ಕೆ ಸರಿಯಾಗಿ ಅದರ ಆಯುಷ್ಯ ಮುಗಿಯಿತು.

ನಮ್ಮಂಥವರಿಗೆ ಆ ಕರಿ-ಹಳದಿ ಗಾಡಿ ಬರೀ ವಾಹನವಾಗಿರಲಿಲ್ಲ. ಊರಿನಿಂದ ಬಂದು ದಾದರಿನಲ್ಲೋ ವಿ.ಟಿ.ಯಲ್ಲೋ ಇಳಿದು, ಕ್ಯಾರಿಯರ್ ಮೇಲೆ ಟ್ರಂಕು, ಕಾಲಡಿಯಲ್ಲಿ ಜೋಳದ ಹಿಟ್ಟಿನ ಚೀಲ, ಮಡಿಲಲ್ಲಿ ಮಗುವನ್ನಿಟ್ಟುಕೊಂಡು ಈ ನಗರವನ್ನು ಮೊದಲ ಸಲ ಕಂಡದ್ದು ಬಹಳ ಮಂದಿಗೆ ಅದರ ಕಿಟಕಿಯಿಂದಲೇ.

ಪತ್ರಿಕೆಗಳಲ್ಲಿ ವಿದಾಯದ ಸುದ್ದಿ ಬಂದ ವಾರವೇ ನನ್ನ ಕಾಕಾ ತಮ್ಮ ಸೊಸೈಟಿಯ ಅಂಗಳದಲ್ಲಿ ಹದಿನಾಲ್ಕು ವರ್ಷಗಳಿಂದ ತಾಡಪತ್ರಿಯ ಕೆಳಗೆ ಮಲಗಿದ್ದ ೧೯೭೮ರ ಪದ್ಮಿನಿಯ ಮುಸುಕು ತೆಗೆದರು. ಟ್ಯಾಕ್ಸಿಯಲ್ಲ, ಮನೆಯ ಗಾಡಿ. ೧೯೮೯ರಲ್ಲಿ ಎರಡನೆಯ ಕೈಯಿಂದ ಕೊಂಡದ್ದು. ಗುಜರಿಯವನು ಬಂದು ತೂಕದ ಲೆಕ್ಕದಲ್ಲಿ ಬೆಲೆ ಹೇಳಿ ಹೋಗಿದ್ದ. ಜಾಗ ಖಾಲಿ ಮಾಡಬೇಕೆಂದು ಸೊಸೈಟಿಯ ನೋಟೀಸೂ ಬಂದಿತ್ತು. ಎಪ್ಪತ್ತೆಂಟು ದಾಟಿದ ಕಾಕಾ ನನಗೆ ಫೋನು ಮಾಡಿ ಹೇಳಿದ್ದಿಷ್ಟೇ: “ತಮ್ಮಾ, ರವಿವಾರ ಬಾ. ನನಗ ಕಣ್ಣು ಕಾಣಂಗಿಲ್ಲ, ನಿನಗ ಕೆಲಸ ಗೊತ್ತಿಲ್ಲ. ಇಬ್ಬರೂ ಕೂಡಿದ್ರ ಒಬ್ಬ ಮೆಕ್ಯಾನಿಕ್ ಆಗ್ತೀವಿ.”

ಹೀಗೆ ಆರಂಭವಾದ ರವಿವಾರಗಳು ನನ್ನನ್ನು ಒಂದು ಮರೆತ ಇತಿಹಾಸದೊಳಕ್ಕೆ ಕರೆದೊಯ್ದವು. ಅದರ ಮೊದಲ ಪುಟದಲ್ಲಿ ಇರುವವರು ಕನ್ನಡಿಗರೇ ಎಂಬುದು ನನಗೆ ತಿಳಿದಿರಲಿಲ್ಲ.

ಪ್ರತಿ ವರ್ಷ ಸೆಪ್ಟೆಂಬರ್ ೧೫ರಂದು ನಾವು ಸರ್ ಎಂ. ವಿಶ್ವೇಶ್ವರಯ್ಯನವರ ಭಾವಚಿತ್ರಕ್ಕೆ ಹಾರ ಹಾಕುತ್ತೇವೆ. ಕನ್ನಂಬಾಡಿ ಕಟ್ಟೆ, ಭದ್ರಾವತಿಯ ಕಬ್ಬಿಣ, ಮೈಸೂರು ವಿಶ್ವವಿದ್ಯಾನಿಲಯ ಎಂದು ಭಾಷಣಗಳಾಗುತ್ತವೆ. ಅವರು ೧೮೮೪ರಲ್ಲಿ ಸೇರಿದ್ದು ಮುಂಬಯಿ ಸರಕಾರದ ಲೋಕೋಪಯೋಗಿ ಇಲಾಖೆಯನ್ನು ಎಂಬುದನ್ನೂ ಹೆಮ್ಮೆಯಿಂದ ನೆನೆಯುತ್ತೇವೆ. ಆದರೆ ಎಪ್ಪತ್ತು ದಾಟಿದ ವಯಸ್ಸಿನಲ್ಲಿ ಅವರು ಇದೇ ಮುಂಬಯಿಯಲ್ಲಿ ಒಂದು ಮೋಟಾರು ಕಾರ್ಖಾನೆಗಾಗಿ ಮನೆಬಾಗಿಲುಗಳನ್ನು ತಟ್ಟಿದ ಸಂಗತಿಯನ್ನು ಯಾರೂ ಹೇಳುವುದಿಲ್ಲ.

೧೯೩೪ರಲ್ಲಿ ಭಾರತಕ್ಕೆ ಯೋಜಿತ ಅರ್ಥವ್ಯವಸ್ಥೆ ಬೇಕೆಂದು ಪುಸ್ತಕ ಬರೆದ ವಿಶ್ವೇಶ್ವರಯ್ಯನವರು, ಮರುವರ್ಷವೇ ಯುರೋಪು, ಅಮೆರಿಕಗಳಿಗೆ ಹೋಗಿ ಅಲ್ಲಿನ ಮೋಟಾರು ಕಾರ್ಖಾನೆಗಳನ್ನು ಕಣ್ಣಾರೆ ನೋಡಿ ಬಂದರು. ಆಗ ನಮ್ಮ ದೇಶದಲ್ಲಿ ಕಾರುಗಳಿರಲಿಲ್ಲವೆಂದಲ್ಲ. ಅಮೆರಿಕದ ಜನರಲ್ ಮೋಟಾರ್ಸ್ ೧೯೨೮ರಲ್ಲೇ ನಮ್ಮ ಶಿವಡಿಯಲ್ಲಿ ಜೋಡಣೆಯ ಶೆಡ್ಡು ತೆರೆದಿತ್ತು. ಆದರೆ ಅಲ್ಲಿ ನಡೆಯುತ್ತಿದ್ದದ್ದು ಪರದೇಶದಿಂದ ಪೆಟ್ಟಿಗೆಗಳಲ್ಲಿ ಬಂದ ಭಾಗಗಳನ್ನು ಸೇರಿಸಿ ಬೋಲ್ಟು ಬಿಗಿಯುವ ಕೆಲಸ. ವಿಶ್ವೇಶ್ವರಯ್ಯನವರಿಗೆ ಬೇಕಾಗಿದ್ದದ್ದು ಎಂಜಿನನ್ನು ಎರಕ ಹೊಯ್ಯುವ, ಗಿಯರನ್ನು ಕಡೆಯುವ ಕಾರ್ಖಾನೆ. ಒಂದು ಕಾರು ಮಾಡಲು ಕಲಿತ ದೇಶ ನೂರು ಬಗೆಯ ಯಂತ್ರವಿದ್ಯೆಯನ್ನು ಕಲಿತಂತೆ ಎಂಬುದು ಅವರ ತರ್ಕ.

೧೯೩೬ರಲ್ಲಿ ಅವರ ಯೋಜನೆ ಸಿದ್ಧವಾಯಿತು. ಬಾಳಾಸಾಹೇಬ ಖೇರ್ ಅವರ ಕಾಂಗ್ರೆಸ್ ಮಂತ್ರಿಮಂಡಲ ಮುಂಬಯಿ ಪ್ರಾಂತದಲ್ಲಿ ಅಧಿಕಾರಕ್ಕೆ ಬಂದಾಗ ಅದಕ್ಕೆ ಬೆಂಬಲವೂ ದೊರೆಯಿತು. ಅಷ್ಟರಲ್ಲಿ ೧೯೩೯ರ ಯುದ್ಧ ಬಂತು. ಮಂತ್ರಿಮಂಡಲ ರಾಜೀನಾಮೆ ಕೊಟ್ಟಿತು. ಮೋಟಾರು ತಯಾರಿಕೆ ಯುದ್ಧಕ್ಕೆ ಅವಶ್ಯವಾದ ಉದ್ಯಮವಲ್ಲವೆಂಬುದು ಬ್ರಿಟಿಷ್ ಸರಕಾರದ ನಿಲುವಾಯಿತು. ಯುದ್ಧಕ್ಕೆ ಸಾವಿರಾರು ಲಾರಿಗಳು ಬೇಕಾಗಿದ್ದ ಕಾಲದಲ್ಲಿ ಹೇಳಿದ ಮಾತಿದು! ಯೋಜನೆಯ ಕಾಗದಗಳು ಕಡತದಲ್ಲಿ ಉಳಿದವು. ಕಡತಗಳ ನಡುವೆಯೇ ಬದುಕುವ ನನ್ನಂಥ ಗುಮಾಸ್ತನಿಗೆ ಆ ನೋವು ಸ್ವಲ್ಪ ಹೆಚ್ಚೇ ಅರ್ಥವಾಗುತ್ತದೆ.

ಕನಸನ್ನು ಮುಂದಕ್ಕೆ ಹೊತ್ತವರು ಸೇಠ್ ವಾಲಚಂದ ಹೀರಾಚಂದ. ಇವರು ನಮ್ಮ ಕಡೆಯವರೆಂದರೂ ತಪ್ಪಿಲ್ಲ. ೧೮೮೨ರಲ್ಲಿ ಹುಟ್ಟಿದ್ದು ಮರಾಠಿ, ಕನ್ನಡ, ತೆಲುಗು ಮೂರೂ ಕಿವಿಗೆ ಬೀಳುವ ಸೊಲ್ಲಾಪುರದಲ್ಲಿ. ಅವರು ಅಮೆರಿಕದ ಕ್ರೈಸ್ಲರ್ ಕಂಪನಿಯೊಡನೆ ೧೯೪೦ರಲ್ಲಿ ಒಪ್ಪಂದ ಮಾಡಿಕೊಂಡರು. ಕಾರಿಗೆ ಅಪ್ಪಣೆ ಸಿಗಲಿಲ್ಲ. ಆದರೆ ವಿಮಾನಕ್ಕೆ ಸಿಕ್ಕಿತು. ಮೈಸೂರು ಸರಕಾರ ಜಮೀನೂ ಬಂಡವಾಳವೂ ಕೊಟ್ಟು ಕೈಜೋಡಿಸಿದ್ದರಿಂದ ೧೯೪೦ರ ಡಿಸೆಂಬರಿನಲ್ಲಿ ಬೆಂಗಳೂರಿನ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಸಂಸ್ಥೆ ಹುಟ್ಟಿತು. ಇಂದಿನ ಎಚ್.ಎ.ಎಲ್. ಅದೇ. ನೆಲದ ಮೇಲೆ ಓಡುವ ಗಾಡಿಗೆ ಮೊದಲೇ ಆಕಾಶದ ಗಾಡಿ ಸಿದ್ಧವಾದ ವಿಚಿತ್ರ ಕಥೆ ನಮ್ಮದು.

೧೯೪೪ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಸ್ಥಾಪನೆಯಾಯಿತು. ಆಗ ಆಗ್ರಾ ರಸ್ತೆ ಎನ್ನುತ್ತಿದ್ದ, ಈಗ ಲಾಲಬಹಾದ್ದೂರ ಶಾಸ್ತ್ರಿ ಮಾರ್ಗವಾಗಿರುವ ರಸ್ತೆಯ ಕುರ್ಲಾದಲ್ಲಿ ಕಾರ್ಖಾನೆ ಎದ್ದಿತು. ದೇಶ ಸ್ವತಂತ್ರವಾದ ೧೯೪೭ರಲ್ಲೇ ಅಲ್ಲಿಂದ ಗಾಡಿಗಳು ಹೊರಬಂದವು: ಡಾಜ್, ಪ್ಲಿಮತ್, ಡಿಸೋಟೊ ಕಾರುಗಳು, ಫಾರ್ಗೊ ಲಾರಿಗಳು. ೧೯೫೩ರಲ್ಲಿ ವಾಲಚಂದರು ತೀರಿಕೊಂಡರು. ಅದೇ ಹೊತ್ತಿಗೆ ಸುಂಕ ಆಯೋಗವು ಹಂತಹಂತವಾಗಿ ಇಲ್ಲಿಯೇ ಭಾಗಗಳನ್ನು ತಯಾರಿಸುವವರಿಗಷ್ಟೇ ಅವಕಾಶ ಎಂದಿತು. ಬರೇ ಬೋಲ್ಟು ಬಿಗಿಯುತ್ತಿದ್ದ ಜನರಲ್ ಮೋಟಾರ್ಸ್ ೧೯೫೪ರಲ್ಲಿ ಶಿವಡಿಯ ಬಾಗಿಲು ಮುಚ್ಚಿತು. ವಿಶ್ವೇಶ್ವರಯ್ಯನವರ ಮಾತು ಹದಿನೆಂಟು ವರ್ಷ ತಡವಾಗಿಯಾದರೂ ಸರಕಾರದ ನೀತಿಯಾಯಿತು. ಅವರು ಅದನ್ನು ಕಣ್ಣಾರೆ ಕಂಡರು, ೧೯೬೨ರವರೆಗೆ ಬದುಕಿದ್ದರು.

ಇಟಲಿಯ ಫಿಯಾಟ್ ೧೧೦೦ ಕುರ್ಲಾಕ್ಕೆ ಬಂದದ್ದೂ ೧೯೫೪ರಲ್ಲೇ. ಮುಂದಿನ ಬಾಗಿಲು ಹಿಮ್ಮುಖವಾಗಿ ತೆರೆಯುತ್ತಿದ್ದ ಆ ಗುಂಡು ಗಾಡಿಗೆ ಮರಾಠಿ ಜನ ‘ಡುಕ್ಕರ್ ಫಿಯಾಟ್’ ಎಂದು ಹೆಸರಿಟ್ಟರು. ೧೯೬೪ರಲ್ಲಿ ಚೌಕಾಕಾರದ ಹೊಸ ರೂಪ ಬಂತು. ಪ್ರಧಾನಿ ಲಾಲಬಹಾದ್ದೂರ ಶಾಸ್ತ್ರಿಯವರು ಆ ಕಾಲದಲ್ಲಿ ಫಿಯಾಟ್ ಕೊಳ್ಳಲು ಬ್ಯಾಂಕಿನಿಂದ ಐದು ಸಾವಿರ ರೂಪಾಯಿ ಸಾಲ ತೆಗೆದದ್ದು, ಅವರ ಮರಣಾನಂತರ ಪತ್ನಿ ಲಲಿತಾ ಶಾಸ್ತ್ರಿಯವರು ಅದನ್ನು ತೀರಿಸಿದ್ದು ಪ್ರಸಿದ್ಧ ಸಂಗತಿ. ಕಾರ್ಖಾನೆ ಇದ್ದ ರಸ್ತೆಗೆ ಮುಂದೆ ಅವರ ಹೆಸರೇ ಬಂದದ್ದು ಆಕಸ್ಮಿಕವಿರಬೇಕು. ಆದರೆ ಚೆಂದದ ಆಕಸ್ಮಿಕ. ಎಪ್ಪತ್ತರ ದಶಕದ ಆರಂಭದಲ್ಲಿ ಇಟಲಿಯ ಹೆಸರು ಹೋಗಿ ‘ಪ್ರೀಮಿಯರ್ ಪ್ರೆಸಿಡೆಂಟ್’ ಆಯಿತು. ೧೯೭೪ರ ಹೊತ್ತಿಗೆ ಚಿತ್ತೋಡದ ರಾಣಿಯ ಹೆಸರಿನಲ್ಲಿ ‘ಪದ್ಮಿನಿ’ಯಾಯಿತು.

ಇನ್ನು ನಮ್ಮ ಅಂಗಳದ ಪದ್ಮಿನಿ. ಕಾಲಡಿಯ ಚಾಪೆ ಎತ್ತಿದಾಗ ಕೆಳಗೆ ನೆಲವೇ ಕಾಣಿಸಿತು. ಸಮುದ್ರದ ಉಪ್ಪುಗಾಳಿ, ಮುಂಬಯಿಯ ಮಳೆ ಎರಡೂ ಕೂಡಿ ತಗಡನ್ನು ಹಪ್ಪಳ ಮಾಡಿದ್ದವು. ಇದರ ಮೈಯೇ ಇದರ ಎಲುಬು. ಬೇರೆ ಚಾಸಿ ಇಲ್ಲದ್ದರಿಂದ ಮೊದಲು ತಳವನ್ನೇ ಬೆಸೆಯಬೇಕಾಯಿತು. ಎಂಜಿನ್ ಹಿಡಿದುಕೊಂಡಿತ್ತು. ನಾಲ್ಕೂ ಪ್ಲಗ್ ಬಿಚ್ಚಿ, ತೂತಿನಲ್ಲಿ ಎಣ್ಣೆ ಹೊಯ್ದು ಎಂಟು ದಿನ ಬಿಟ್ಟೆವು. ಮುಂದಿನ ರವಿವಾರ ನಾಲ್ಕನೆಯ ಗಿಯರಿಗೆ ಹಾಕಿ ಮೆಲ್ಲಗೆ ಹಿಂದೆ ಮುಂದೆ ತಳ್ಳಿದಾಗ ಒಳಗೆ ಏನೋ ನಿಟ್ಟುಸಿರು ಬಿಟ್ಟಂತಾಗಿ ಸಡಿಲವಾಯಿತು. ಬಿ.ಎಸ್ಸಿ.ಯಲ್ಲಿ ನಾನು ನಾಲ್ಕು ಹೊಡೆತದ ಎಂಜಿನ್ನಿನ ನಕ್ಷೆ ಬರೆದು ಅಂಕ ಗಳಿಸಿದವನು. ಅದನ್ನು ಮುಟ್ಟಿದ್ದು ಅಂದೇ ಮೊದಲು. ೧೦೮೯ ಸಿ.ಸಿ., ನಾಲ್ಕು ಸಿಲಿಂಡರು, ಮೇಲೆ ಅಲ್ಯೂಮಿನಿಯಮ್ ಹೆಡ್ಡು. ನೀರು ಬತ್ತಿ ಕಾದರೆ ಹೆಡ್ಡು ಸೊಟ್ಟಗಾಗುತ್ತದೆ ಎಂದು ಕಾಕಾ ರೇಡಿಯೇಟರನ್ನು ಮೂರು ಸಲ ತೊಳೆಸಿದರು. ಈಗಿನ ಇಥೆನಾಲ್ ಬೆರೆತ ಪೆಟ್ರೋಲು ಹಳೆಯ ರಬ್ಬರಿಗೆ ಹಿಡಿಸದೆಂದು ಪೆಟ್ರೋಲಿನ ನಳಿಗೆಗಳನ್ನೆಲ್ಲ ಬದಲಿಸಿದೆವು. ಬಿಡಿಭಾಗಗಳಿಗಾಗಿ ಕುರ್ಲಾದ ಸಿ.ಎಸ್.ಟಿ. ರಸ್ತೆಯ ಗುಜರಿ ಅಂಗಡಿಗಳಲ್ಲಿ ನಾನು ಅಲೆದದ್ದಕ್ಕೆ ಲೆಕ್ಕವಿಲ್ಲ.

ಕಾಕಾ ಇಂಡಿ ತಾಲೂಕಿನಿಂದ ೧೯೬೪ರಲ್ಲಿ ಮುಂಬಯಿಗೆ ಬಂದವರು. ಕುರ್ಲಾದ ಒಂದು ಸಣ್ಣ ಕಾರ್ಖಾನೆಯಲ್ಲಿ ಲೇತ್ ಮೇಲೆ ಮೋಟಾರು ಭಾಗಗಳನ್ನು ಕಡೆಯುತ್ತ ಮೂವತ್ತೆಂಟು ವರ್ಷ ನಿಂತರು. ಮುಂದಿನ ಚಕ್ರದ ಕಿಂಗ್‌ಪಿನ್ ಹೊರತೆಗೆದು ಸೀಮೆಎಣ್ಣೆಯಲ್ಲಿ ತೊಳೆದು ಅವರ ಅಂಗೈಯಲ್ಲಿಟ್ಟ ದಿನ ಅವರು ಬಹಳ ಹೊತ್ತು ಅದನ್ನು ಹೆಬ್ಬೆರಳಿನಿಂದ ಸವರುತ್ತ ಕುಳಿತರು. “ಇಂಥಾವು ಎಷ್ಟು ಮಾಡೀನಿ ಅಂತ ಲೆಕ್ಕ ಇಲ್ಲ. ಇದೂ ನಂದೇ ಇರಬಹುದು, ಇರಲಿಕ್ಕಿಲ್ಲ,” ಎಂದರು. “ಗುರುತು ಏನರ ಹಾಕತಿದ್ರೇನ್ರಿ ಕಾಕಾ?” ಎಂದೆ. “ಗುರುತು ಕಂಪನೀದು ಇರತದ. ಕೈಗೆ ಎಲ್ಲಿ ಗುರುತು?”

ಆ ಮಾತು ನನ್ನನ್ನು ಇಂದಿಗೂ ಬಿಟ್ಟಿಲ್ಲ. ವಿಶ್ವೇಶ್ವರಯ್ಯನವರ ಹೆಸರು ಉಳಿದಿದೆ, ವಾಲಚಂದರ ಹೆಸರು ಉಳಿದಿದೆ. ಕುರ್ಲಾ, ಭಾಂಡೂಪ, ಠಾಣೆಗಳ ಲೇತುಗಳ ಮುಂದೆ ನಿಂತು ಊರಿಗೆ ಮನಿಯಾರ್ಡರು ಕಳಿಸಿದ ಕೈಗಳ ಹೆಸರು ಎಲ್ಲಿದೆ?

ಹಳೆಯದೆಲ್ಲ ಚಿನ್ನವೆಂದು ಹೇಳುವುದು ನನ್ನ ಉದ್ದೇಶವಲ್ಲ. ೧೯೬೪ರಲ್ಲಿ ಬಂದ ರೂಪವನ್ನೇ ೨೦೦೦ದ ಸುಮಾರಿನವರೆಗೂ, ಹೆಚ್ಚಿನ ಬದಲಾವಣೆಯಿಲ್ಲದೆ, ಕುರ್ಲಾ ತಯಾರಿಸಿತು. ಹಣ ಕಟ್ಟಿ ವರ್ಷಗಟ್ಟಲೆ ಸರದಿಯಲ್ಲಿ ಕಾಯುವ ಗಿರಾಕಿಗಳಿದ್ದಾಗ ಹೊಸದನ್ನು ಯೋಚಿಸುವ ತೊಂದರೆ ಯಾರಿಗೆ ಬೇಕು? ಸರಕಾರದ ಕಡೆಯಿಂದಲೂ ಕಟ್ಟು ಬಿಗಿಯಾಗಿತ್ತು. ಎಷ್ಟು ಗಾಡಿ ಮಾಡಬೇಕೆಂಬುದಕ್ಕೆ ಪರವಾನಗಿ, ಎಷ್ಟಕ್ಕೆ ಮಾರಬೇಕೆಂಬುದಕ್ಕೆ ನಿಯಂತ್ರಣ. ಬೆಲೆಯ ವಿವಾದ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ೧೯೮೩ರ ಡಿಸೆಂಬರಿನಲ್ಲಿ ಮಾರುತಿ ೮೦೦ ರಸ್ತೆಗಿಳಿದಾಗ ಈ ಕಟ್ಟು ಒಡೆಯಿತು. ನಂತರ ಪದ್ಮಿನಿಗೆ ಉಳಿದ ದೊಡ್ಡ ಆಸರೆ ಮುಂಬಯಿಯ ಟ್ಯಾಕ್ಸಿ. ಕಾರು ಮಾಡಲು ಕಲಿಯಬೇಕೆಂದ ವಿಶ್ವೇಶ್ವರಯ್ಯನವರು, ಕಲಿಯುವುದನ್ನು ನಿಲ್ಲಿಸಬೇಕೆಂದು ಎಲ್ಲಿಯೂ ಹೇಳಿರಲಿಲ್ಲ.

ಆದರೂ ಒಂದು ವಿಚಿತ್ರವನ್ನು ಗಮನಿಸಬೇಕು. ಬದಲಾಗದ ಆ ದೋಷವೇ ಈ ಗಾಡಿಯ ಗುಣವೂ ಆಯಿತು. ಮೂವತ್ತೈದು ವರ್ಷ ಒಂದೇ ಬಗೆಯ ಭಾಗಗಳು ತಯಾರಾದದ್ದರಿಂದಲೇ ಇಂದಿಗೂ ಗುಜರಿಯಲ್ಲಿ ಕೈಗೆ ಸಿಗುತ್ತವೆ. ಇದರೊಳಗೆ ಗಣಕಯಂತ್ರವಿಲ್ಲ, ಬಿಚ್ಚಲಾಗದ ಮೊಹರಿಲ್ಲ. ನಾಲ್ಕಾರು ಸ್ಪ್ಯಾನರು, ಒಂದು ತಿರುಪುಳಿ, ತಾಳ್ಮೆ ಇದ್ದರೆ ಒಬ್ಬ ಮುದುಕ ಮತ್ತು ಒಬ್ಬ ಗುಮಾಸ್ತ ಸೇರಿ ಅಂಗಳದಲ್ಲಿ ರಿಪೇರಿ ಮಾಡಬಹುದು. ಇಂದಿನ ಗಾಡಿಯ ಬಾನೆಟ್ ತೆರೆದರೆ ಕಾಕಾನಿಗೂ ಕಾಣುವುದು ಕರಿಯ ಪ್ಲಾಸ್ಟಿಕ್ ಮುಚ್ಚಳ ಮಾತ್ರ.

ಏಳು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಚೋಕ್ ಎಳೆದು ಕೀಲಿ ತಿರುವಿದೆ. ಎರಡು ಸಲ ಕೆಮ್ಮಿ ಎಂಜಿನ್ ಹೊತ್ತಿಕೊಂಡಿತು. ಕಾಕಾ ಕಣ್ಣು ಮುಚ್ಚಿ, ತಲೆ ವಾಲಿಸಿ ಆಲಿಸಿದರು. “ಮೂರನೇದು ಸರಿಯಾಗಿ ಹೊಡೀವಲ್ದು. ಪಾಯಿಂಟ್ ನೋಡು.” ಡಿಸ್ಟ್ರಿಬ್ಯೂಟರ್ ತೆಗೆದು ನೋಡಿದೆ. ಪಾಯಿಂಟ್ ಸರಿಯಾಗಿತ್ತು, ಮೂರನೆಯ ಸಿಲಿಂಡರಿನ ವಾಯರು ಮುಚ್ಚಳದಲ್ಲಿ ಸಡಿಲವಾಗಿತ್ತು. ರೋಗ ಸರಿ ಹೇಳಿದ್ದರು, ಔಷಧವಷ್ಟೇ ಬೇರೆ.

ಮರುನೋಂದಣಿಯ ಶುಲ್ಕ ೨೦೨೨ರ ಏಪ್ರಿಲಿನಲ್ಲಿ ಆರು ನೂರರಿಂದ ಐದು ಸಾವಿರಕ್ಕೆ ಏರಿತ್ತು. ತುಂಬಿದೆವು. ತಪಾಸಣೆಯೂ ಆಯಿತು. ಮೊದಲ ಸವಾರಿ ಎಲ್ಲಿಗೆಂದು ಕೇಳುವ ಅಗತ್ಯವಿರಲಿಲ್ಲ. ಶಾಸ್ತ್ರಿ ಮಾರ್ಗ ಹಿಡಿದು ಕುರ್ಲಾಕ್ಕೆ ಹೋದೆವು. ಕಾಕಾ ನಿಂತು ದುಡಿದ ಜಾಗದಲ್ಲಿ ಎತ್ತರದ ಕಟ್ಟಡವೊಂದು ನಿಂತಿದೆ. ಪ್ರೀಮಿಯರ್ ರಸ್ತೆ ಎಂಬ ಹೆಸರು ಮಾತ್ರ ಉಳಿದಿದೆ. ಕಾಕಾ ಇಳಿಯಲಿಲ್ಲ. ಸ್ವಲ್ಪ ಹೊತ್ತು ಹೊರಗೆ ನೋಡಿ, “ನಡಿ ಮನೀಗೆ, ಎಂಜಿನ್ ಕಾಯ್ತದ,” ಎಂದರು.

ನಮ್ಮ ಸಂಘದ ಹಿರಿಯರಲ್ಲಿ ಕಾರ್ಖಾನೆಗಳಲ್ಲಿ ದುಡಿದವರು ಇನ್ನೂ ಕೆಲವರಿದ್ದಾರೆ. ಗಿರಣಿ, ಮೋಟಾರು, ಔಷಧ, ಬಣ್ಣ, ಯಾವುದೇ ಇರಲಿ. ಅವರ ಪಕ್ಕದಲ್ಲಿ ಒಂದು ರವಿವಾರ ಕುಳಿತು, ಏನು ಮಾಡಿದರು, ಹೇಗೆ ಮಾಡಿದರು ಎಂದು ಕೇಳಿ ಬರೆದಿಟ್ಟುಕೊಳ್ಳಿರಿ. ಬರುವ ಸೆಪ್ಟೆಂಬರ್ ೧೫ರಂದು ವಿಶ್ವೇಶ್ವರಯ್ಯನವರ ಪಟಕ್ಕೆ ಹಾರ ಹಾಕಿದ ಬಳಿಕ ಅದನ್ನು ಸಭೆಯಲ್ಲಿ ಓದೋಣ. ಕಾಕಾನನ್ನು ನಾನು ಕರೆತರುತ್ತೇನೆ. ಗಾಡಿಯಲ್ಲೇ ಬರುತ್ತೇವೆ.