ರೋಗಿಗಳ ಮಾತಿನಿಂದ ಮೂಡಿದ ಕೋಶ

ಅನ್ಯಭಾಷೆಯೊಂದನ್ನು ಕಲಿಯಹೊರಟವನಿಗೆ ಮೊದಲ ಗುರು ವ್ಯಾಕರಣವೋ, ಆ ಭಾಷೆಯನ್ನಾಡುವ ಜನರ ನಿತ್ಯವ್ಯವಹಾರವೋ ಎಂಬುದು ಕನ್ನಡಿಗರಿಗೆ ಅಪರಿಚಿತವಾದ ಪ್ರಶ್ನೆಯಲ್ಲ; ಜರ್ಮನಿಯಿಂದ ಬಂದ ಕಿಟ್ಟೆಲರು 1894ರಲ್ಲಿ ಮಂಗಳೂರಿನಲ್ಲಿ ಅಚ್ಚು ಮಾಡಿಸಿದ ನಿಘಂಟಿನಲ್ಲಿ ಪ್ರಾಚೀನ ಕಾವ್ಯಗಳ ಪದಗಳೊಡನೆ ಜನರ ಬಾಯ ಗಾದೆಗಳೂ ಆದರದ ಸ್ಥಾನ ಪಡೆದಿರುವುದನ್ನು ನಾವು ಕಂಡೇ ಇದ್ದೇವೆ. ಅದೇ ಶತಮಾನದಲ್ಲಿ ಜಪಾನೀ ಭಾಷೆಗೆ ಅಂಥದೇ ಸೇವೆ ಸಲ್ಲಿಸಿದ ಮತ್ತೊಬ್ಬ ಕೋಶಕಾರರ ಜೀವನಸೂತ್ರವು ಹಡ್ಸನ್ ನದಿಯ ಇಕ್ಕೆಲದ ನ್ಯೂಯಾರ್ಕ್ ಮತ್ತು ನ್ಯೂಜೆರ್ಸಿಗಳಲ್ಲಿ ಹಾಸುಹೊಕ್ಕಾಗಿದೆ.

ಅವರು ಜೇಮ್ಸ್ ಕರ್ಟಿಸ್ ಹೆಪ್‌ಬರ್ನ್. ನ್ಯೂಜೆರ್ಸಿಯ ಪ್ರಿನ್ಸ್‌ಟನ್ನಿನಲ್ಲಿ ಓದಿ, ವೈದ್ಯಪದವಿ ಪಡೆದು, ಸಿಂಗಪುರ ಮತ್ತು ಚೀನದ ಅಮಾಯ್ ಬಂದರಿನಲ್ಲಿ ಕೆಲಕಾಲವಿದ್ದು, ಅನಾರೋಗ್ಯದಿಂದ 1846ರಲ್ಲಿ ಮರಳಿದ ಅವರು ಮುಂದಿನ ಹದಿಮೂರು ವರ್ಷ ನ್ಯೂಯಾರ್ಕ್ ನಗರದಲ್ಲಿ ವೈದ್ಯವೃತ್ತಿ ನಡೆಸಿದರು; ಅಲ್ಲಿಯೇ ಮೂವರು ಎಳೆಯ ಮಕ್ಕಳನ್ನೂ ಕಳೆದುಕೊಂಡರು. ನೆಲೆನಿಂತ ವೃತ್ತಿಯನ್ನು ತೊರೆದು, ನಾಲ್ವತ್ತನಾಲ್ಕನೆಯ ವಯಸ್ಸಿನಲ್ಲಿ, 1859ರ ಏಪ್ರಿಲಿನಲ್ಲಿ ಪತ್ನಿಯೊಡನೆ ಹಡಗನ್ನೇರಿ, ಅಕ್ಟೋಬರಿನಲ್ಲಿ ಜಪಾನಿನ ಕಾನಗಾವಾ ಬಂದರನ್ನು ಸೇರಿ, ಅಲ್ಲಿನ ಬೌದ್ಧಾಲಯವೊಂದರಲ್ಲಿ ಬಿಡಾರ ಹೂಡಿದರು.

ಆಗ ಅವರಿಗೆ ದೊರೆಯುತ್ತಿದ್ದ ಭಾಷಾಸಾಮಗ್ರಿ ಅತ್ಯಲ್ಪ: ಜೆಸುಯಿಟ್ ಪಾದ್ರಿಗಳು 1603ರಲ್ಲಿ ನಾಗಸಾಕಿಯಲ್ಲಿ ಮುದ್ರಿಸಿದ ಜಪಾನೀ-ಪೋರ್ಚುಗೀಸ್ ಕೋಶ, ಮತ್ತು ಜಪಾನಿನಲ್ಲಿ ಕಾಲಿಟ್ಟೇ ಇಲ್ಲದ ಮಿಷನರಿ ಮೆಡ್‌ಹರ್ಸ್ಟ್ 1830ರಲ್ಲಿ ಬಟಾವಿಯದಲ್ಲಿ ಪ್ರಕಟಿಸಿದ ಕಿರುಪದಕೋಶ. ಆದಕಾರಣ ತಾವು ಮುಖ್ಯವಾಗಿ ಅವಲಂಬಿಸಬೇಕಾದುದು ಜೀವಂತ ಗುರುವನ್ನೇ ಎಂಬುದನ್ನು ಅವರು ತಮ್ಮ ಕೋಶದ ಮುನ್ನುಡಿಯಲ್ಲಿ ಒಪ್ಪಿಕೊಂಡಿದ್ದಾರೆ. ಅವರು ತೆರೆದ ಉಚಿತ ಚಿಕಿತ್ಸಾಲಯವೇ ಅವರ ಪಾಠಶಾಲೆಯೂ ಆಯಿತು. ನೋವು ಎಲ್ಲಿ, ಎಂದಿನಿಂದ, ನಿನ್ನೆ ಉಂಡುದೇನು ಎಂದು ವೈದ್ಯನು ಕೇಳುವಲ್ಲಿ, ನರಳುತ್ತ ರೋಗಿಯು ಉತ್ತರಿಸುವಲ್ಲಿ ಅಲಂಕಾರಕ್ಕೆ ಅವಕಾಶವಿಲ್ಲ. ಒಂದು ಪದ ತಪ್ಪಿದರೆ ಔಷಧವೇ ತಪ್ಪೀತು. ಇಂಥ ಹೊಣೆಯಿಂದ ಕಲಿತ ಮಾತು ಮರೆಯುವಂಥದಲ್ಲ.

1863ರಲ್ಲಿ ಕಣ್ಣುಬೇನೆಯಿಂದ ಬಳಲಿ ಬಂದ ಕಿಶಿದಾ ಗಿಂಕೋ ಎಂಬ ವಿದ್ವಾಂಸನು ಗುಣಹೊಂದಿದ ಮೇಲೆ ವೈದ್ಯರಿಗೆ ಸಹಾಯಕನಾಗಿ ನಿಂತನು. ದೃಷ್ಟಿಯನ್ನು ಮರಳಿ ಪಡೆದವನು ದೃಷ್ಟಿಯನ್ನಿತ್ತವರಿಗೆ ಭಾಷೆಯ ಒಳನೋಟವನ್ನಿತ್ತನು. ಇಬ್ಬರೂ ಶಾಂಘೈಗೆ ತೆರಳಿ ಅಲ್ಲಿನ ಮಿಷನ್ ಮುದ್ರಣಾಲಯದಲ್ಲಿ ಅಚ್ಚು ಮಾಡಿಸಿದ, ಇಪ್ಪತ್ತು ಸಹಸ್ರಕ್ಕೂ ಮಿಗಿಲಾದ ಪದಗಳ ಜಪಾನೀ-ಇಂಗ್ಲಿಷ್ ಕೋಶ 1867ರಲ್ಲಿ ಹೊರಬಂದಿತು. 1873ರಲ್ಲಿ ಅದರ ಸಂಕ್ಷಿಪ್ತ ಆವೃತ್ತಿ, ವೈದ್ಯರು ತೊರೆದು ಹೋಗಿದ್ದ ನ್ಯೂಯಾರ್ಕಿನಲ್ಲಿಯೇ ಪ್ರಕಟವಾಯಿತು. 1886ರ ಮೂರನೆಯ ಆವೃತ್ತಿಯಿಂದ ಪ್ರಚುರವಾದ ರೋಮನ್ ಲಿಪಿಕ್ರಮವು ಅವರ ಹೆಸರನ್ನೇ ಧರಿಸಿ, ಇಂದಿಗೂ ಜಪಾನಿನ ರೈಲು ನಿಲ್ದಾಣಗಳ ಫಲಕಗಳಲ್ಲಿ ಪರದೇಶೀಯರಿಗೆ ದಾರಿ ತೋರುತ್ತಿದೆ.

ಇತ್ತ ಕೋಶ ಪ್ರಕಟವಾದ ವರ್ಷದಲ್ಲಿಯೇ, ಜಪಾನಿನ ಫುಕುಯಿಯ ಕುಸಕಾಬೆ ತಾರೋ ಎಂಬ ತರುಣನು ನ್ಯೂಜೆರ್ಸಿಯ ನ್ಯೂ ಬ್ರನ್ಸ್‌ವಿಕ್ಕಿನ ರಟ್ಗರ್ಸ್ ಕಾಲೇಜಿಗೆ ವಿದ್ಯಾರ್ಥಿಯಾಗಿ ಬಂದನು. ಅವನಿಗೆ ಲ್ಯಾಟಿನ್ ಹೇಳಿಕೊಟ್ಟ ವಿಲಿಯಂ ಗ್ರಿಫಿಸ್, ಪದವಿಯ ಹೊಸ್ತಿಲಲ್ಲಿಯೇ 1870ರಲ್ಲಿ ಕ್ಷಯದಿಂದ ತೀರಿಕೊಂಡ ಶಿಷ್ಯನ ಊರಿಗೆ ಮರುವರ್ಷ ತಾನೇ ಅಧ್ಯಾಪಕನಾಗಿ ಹೋಗಿ, ಜಪಾನನ್ನು ಕುರಿತ ವಿಸ್ತಾರವಾದ ಗ್ರಂಥವೊಂದನ್ನು 1876ರಲ್ಲಿ ಪ್ರಕಟಿಸಿದನು. ಕುಸಕಾಬೆಯ ಸಮಾಧಿ ನ್ಯೂ ಬ್ರನ್ಸ್‌ವಿಕ್ಕಿನ ವಿಲೋ ಗ್ರೋವ್ ಸ್ಮಶಾನದಲ್ಲಿದೆ.

ಹಡ್ಸನ್ ತೀರವನ್ನು ಜಪಾನಿಗೆ ಬೆಸೆದ ಈ ಪರಂಪರೆಯ ಮುಂದಿನ ಕೊಂಡಿ ನ್ಯೂಯಾರ್ಕಿನ ಬ್ರೂಕ್ಲಿನ್ನಿನಲ್ಲಿ 1922ರಲ್ಲಿ ಜನಿಸಿದ ಡೊನಾಲ್ಡ್ ಕೀನ್. ಕೊಲಂಬಿಯಾ ವಿಶ್ವವಿದ್ಯಾನಿಲಯದಲ್ಲಿ ತ್ಸುನೋದಾ ರ್ಯೂಸಾಕು ಅವರ ಶಿಷ್ಯರಾದ ಕೀನ್, ಎರಡನೆಯ ಮಹಾಯುದ್ಧದಲ್ಲಿ ನೌಕಾಪಡೆಯ ಭಾಷಾಶಾಲೆಯಿಂದ ಹೊರಬಂದ ಮೇಲೆ ಓದಬೇಕಾಗಿ ಬಂದುದು ರಣರಂಗದಲ್ಲಿ ಮಡಿದ ಜಪಾನೀ ಸೈನಿಕರ ದಿನಚರಿಗಳನ್ನು. ಅವಸರದ ಕೈಬರಹದಲ್ಲಿ ಹಸಿವನ್ನೂ ಭಯವನ್ನೂ ತೋಡಿಕೊಂಡಿದ್ದ ಆ ಪುಟಗಳ ಮೂಲಕ, ಶತ್ರುವೆನಿಸಿದವನು ಅವರಿಗೆ ಮನುಷ್ಯನಾಗಿ ಪರಿಚಿತನಾದನು. ಅನಂತರ ಅರ್ಧಶತಮಾನಕ್ಕೂ ಹೆಚ್ಚು ಕಾಲ ಅವರು ಕೊಲಂಬಿಯಾದಲ್ಲಿ ಜಪಾನೀ ಸಾಹಿತ್ಯವನ್ನು ಬೋಧಿಸಿದರು.

ಹೆಪ್‌ಬರ್ನರು 1892ರಲ್ಲಿ ತಾಯ್ನಾಡಿಗೆ ಮರಳಿ, ನ್ಯೂಜೆರ್ಸಿಯ ಈಸ್ಟ್ ಆರೆಂಜಿನಲ್ಲಿ ನೆಲಸಿ, 1911ರಲ್ಲಿ ತೊಂಬತ್ತಾರರ ವಯಸ್ಸಿನಲ್ಲಿ ದೇಹಬಿಟ್ಟರು. ಅದೇ ನ್ಯೂಜೆರ್ಸಿಯಲ್ಲಿ ಇಂದು ಅನೇಕ ಕನ್ನಡ ಮನೆಗಳು ಮಕ್ಕಳಿಗೆ ತಾಯ್ನುಡಿಯನ್ನು ಉಳಿಸಿಕೊಡಲು ಶ್ರಮಿಸುತ್ತಿವೆ. ಅಂಥ ತಂದೆತಾಯಿಗಳಲ್ಲಿ ನನ್ನದೊಂದು ಬಿನ್ನಹ: ಅಕ್ಷರಮಾಲೆಯನ್ನು ಕಲಿಸಿರಿ, ಆದರೆ ಅದಕ್ಕೆ ಮುನ್ನ ಹಸಿವು, ನೋವು, ಅಕ್ಕರೆಗಳ ಮಾತನ್ನು ಮಕ್ಕಳೊಡನೆ ಕನ್ನಡದಲ್ಲಿಯೇ ಆಡಿರಿ. ನೋವಿನ ಮಾತನ್ನು ಕಿವಿಗೊಟ್ಟು ಆಲಿಸಿದ ವೈದ್ಯರೊಬ್ಬರಿಂದಲೇ ಆ ಮಹಾಕೋಶವು ಸಿದ್ಧವಾಯಿತು.