ಮೊದಲು ತಾವೇ ಕಲಿತ ಮೇಷ್ಟ್ರು

1684ರ ಜೂನ್ 27ರಂದು ಗೋವಾದ ಪೋರ್ಚುಗೀಸ್ ವೈಸರಾಯ್ ಒಂದು ಆದೇಶ ಹೊರಡಿಸಿದ. ಇಲ್ಲಿನ ಜನ ಕೊಂಕಣಿ ಬಿಡಬೇಕು. ಮೂರು ವರ್ಷದೊಳಗೆ ಎಲ್ಲರೂ ಪೋರ್ಚುಗೀಸ್ ಮಾತಾಡಬೇಕು. ಪಾದ್ರಿಗಳು, ಮೇಷ್ಟ್ರುಗಳು ಅದರಲ್ಲೇ ಪಾಠ ಹೇಳಬೇಕು. ಇದರ ಹಿಂದೆ ಇದ್ದದ್ದು ಫ್ರಾನ್ಸಿಸ್ಕನ್ ಪಾದ್ರಿಗಳ ಒತ್ತಾಯ. ಜನರ ಭಾಷೆ ಕಲಿಯೋದು ಪಾದ್ರಿಗೆ ಕಷ್ಟ, ಹಾಗಾಗಿ ಜನರೇ ಪಾದ್ರಿಯ ಭಾಷೆ ಕಲಿತುಬಿಡಲಿ. ಲೆಕ್ಕ ಅಷ್ಟು ಸರಳ.

ಅದೇ ವರ್ಷ ಮಂಗಳೂರಿನಿಂದ ಗೋವಾಕ್ಕೆ ಒಬ್ಬ ಪಾದ್ರಿ ವಾಪಸ್ ಬಂದರು. ಹೆಸರು ಜೋಸೆಫ್ ವಾಜ್, ವಯಸ್ಸು 33. ಮುಂದೆ 2015ರ ಜನವರಿ 14ರಂದು ಕೊಲಂಬೊದಲ್ಲಿ ಪೋಪ್ ಫ್ರಾನ್ಸಿಸ್ ಇವರನ್ನೇ ಸಂತ ಅಂತ ಘೋಷಿಸಿದ್ದು. ಶ್ರೀಲಂಕಾದ ಮೊದಲ ಸಂತ ಅಂತ ಪತ್ರಿಕೆಗಳಲ್ಲಿ ಬಂತು, ಸರಿ. ಆದರೆ ಅವರ ಮಿಷನ್ ಕೆಲಸ ಶುರುವಾಗಿದ್ದು ನಮ್ಮ ಕರಾವಳಿಯಲ್ಲಿ ಅನ್ನೋದು ಬೆಂಗಳೂರಲ್ಲಿ ಎಷ್ಟು ಜನರಿಗೆ ಗೊತ್ತು?

ವಾಜ್ ಹುಟ್ಟಿದ್ದು 1651ರಲ್ಲಿ, ಗೋವಾದ ಬೆನೌಲಿಂನಲ್ಲಿ. ಮನೆಮಾತು ಕೊಂಕಣಿ. ಶಾಲೆಯಲ್ಲಿ ಪೋರ್ಚುಗೀಸ್ ಕಲಿತರು, ಲ್ಯಾಟಿನ್ ಕಲಿತರು. 1676ರಲ್ಲಿ ಪಾದ್ರಿಯಾದ ಮೇಲೆ ತಂದೆಯ ಊರು ಸಾಂಕವಾಳದಲ್ಲಿ, ಪಾದ್ರಿಯಾಗಬೇಕೆಂದಿದ್ದ ಹುಡುಗರಿಗಾಗಿ ಒಂದು ಲ್ಯಾಟಿನ್ ಶಾಲೆ ತೆರೆದರು. ವಸಾಹತಿನ ಊರಲ್ಲಿ, ವಸಾಹತಿನ ಪಠ್ಯ ಹೇಳಿಕೊಡೋ ಮೇಷ್ಟ್ರು. ಅಲ್ಲೇ ಇದ್ದಿದ್ದರೆ ನೆಮ್ಮದಿಯಾಗಿ ಇರಬಹುದಿತ್ತು.

1681ರಲ್ಲಿ ಅವರನ್ನ ಕೆನರಾಕ್ಕೆ ಕಳಿಸಿದರು. ಆಗಿನ ಕೆನರಾ ಅಂದ್ರೆ ಕೆಳದಿಯವರ ರಾಜ್ಯ. ಪೋರ್ಚುಗೀಸರ ಕರಾವಳಿ ಕೋಟೆಗಳನ್ನ ಶಿವಪ್ಪನಾಯಕ 1650ರ ದಶಕದಲ್ಲೇ ಕಿತ್ತುಕೊಂಡಿದ್ದ. ಆಮೇಲೆ ಒಪ್ಪಂದಗಳಾಗಿ ಮಂಗಳೂರಿನಲ್ಲಿ ಅವರಿಗೆ ಉಳಿದದ್ದು ವ್ಯಾಪಾರದ ಕೋಠಿ, ಜೊತೆಗೆ ಚರ್ಚು. ಸುತ್ತಮುತ್ತ ಗೋವಾದಿಂದ ಬರಗಾಲ, ಯುದ್ಧ, ತೆರಿಗೆ, ಇನ್‌ಕ್ವಿಸಿಶನ್ ಕಾಟಕ್ಕೆ ಬೇಸತ್ತು ಬಂದ ಕೊಂಕಣಿ ಕ್ರೈಸ್ತ ರೈತರು. ಈ ಬಡಪಾಯಿಗಳ ತಲೆ ಮೇಲೆ ಇನ್ನೊಂದು ಜಗಳ ಬೇರೆ. ಇಲ್ಲಿನ ಚರ್ಚುಗಳಿಗೆ ಯಜಮಾನ ಯಾರು? ಲಿಸ್ಬನ್ನಿನ ರಾಜ ನೇಮಿಸಿದವರಾ, ರೋಮ್ ನೇಮಿಸಿದವರಾ? ರೋಮ್ ಕಳಿಸಿದ್ದ ಬಿಷಪ್ ಥಾಮಸ್ ಡಿ ಕ್ಯಾಸ್ಟ್ರೊ ಕೂಡ ಗೋವಾದವರೇ. ವಾಜ್ ಬಂದದ್ದು ಎದುರು ಪಕ್ಷದಿಂದ. ಒಂದು ಕಡೆಯ ಪಾದ್ರಿ ಮಾಡಿಸಿದ ಸಂಸ್ಕಾರವನ್ನ ಇನ್ನೊಂದು ಕಡೆಯವರು ಒಪ್ಪೋದಿಲ್ಲ. ಮಧ್ಯೆ ಸಿಕ್ಕಿಕೊಂಡ ಜನ ಏನು ಮಾಡಬೇಕು ಹೇಳಿ.

ಇಂಥ ಜಗಳ ಅಂದಾಗ ನನಗೆ ನೆನಪಾಗೋದು ನಮ್ಮ ಮಾಗಡಿ ತಾಲ್ಲೂಕಿನ ಕಲ್ಯ. 1368ರಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ಬಿದ್ದ ಜಗಳ ಬುಕ್ಕರಾಯನವರೆಗೂ ಹೋಯಿತು. ಆತ ಜೈನರ ಕೈಯನ್ನ ವೈಷ್ಣವರ ಕೈಯಲ್ಲಿಟ್ಟು, ಎರಡು ದರ್ಶನಗಳಿಗೂ ಭೇದವಿಲ್ಲ ಅಂತ ತೀರ್ಮಾನ ಕೊಟ್ಟ. ಆ ಶಾಸನ ಕಲ್ಯದಲ್ಲೂ ಇದೆ, ಶ್ರವಣಬೆಳಗೊಳದಲ್ಲೂ ಇದೆ. ಮಂಗಳೂರಿನ ಜಗಳಕ್ಕೆ ಅಂಥ ಬುಕ್ಕರಾಯ ಇರಲಿಲ್ಲ. ಲಿಸ್ಬನ್ನೂ ದೂರ, ರೋಮೂ ದೂರ. ವಾಜ್ ತಾವೇ ಕ್ಯಾಸ್ಟ್ರೊ ಹತ್ತಿರ ಹೋಗಿ ರಾಜಿಗೆ ಪ್ರಯತ್ನಪಟ್ಟರು. ಹಾಗೇ ಬಸ್ರೂರು, ಗಂಗೊಳ್ಳಿ, ಕುಂದಾಪುರ ಅಂತ ಅಲೆದರು, ಶಾಲೆಗಳನ್ನ ತೆರೆದರು. ಇಲ್ಲಿ ಅವರ ಕೈಯಲ್ಲಿದ್ದ ದೊಡ್ಡ ಅಸ್ತ್ರ ಒಂದೇ, ಜನರ ಕೊಂಕಣಿ. ಮಂಗಳೂರಿನ ಹತ್ತಿರ ಮುಡಿಪು ಗುಡ್ಡದ ಮೇಲೆ ಅವರು ಮಂಡಿಯೂರಿದ ಕಡೆ ನೀರು ಚಿಮ್ಮಿತು ಅಂತ ಭಕ್ತರು ನಂಬುತ್ತಾರೆ. ಇವತ್ತೂ ಅಲ್ಲಿ ಅವರ ಹೆಸರಿನ ಪುಣ್ಯಕ್ಷೇತ್ರ ಇದೆ.

ಮೂರು ವರ್ಷ ಹೀಗೆ ದುಡಿದು ಗೋವಾಕ್ಕೆ ಹೋದರೆ, ಅಲ್ಲಿ ಕೊಂಕಣಿಗೇ ನಿಷೇಧ!

ಗೋವಾದಲ್ಲಿ ಇನ್ನೊಂದು ಬಾಗಿಲೂ ಮುಚ್ಚಿತ್ತು. ಯುರೋಪಿನ ಸನ್ಯಾಸಿ ಸಂಘಗಳು ಭಾರತೀಯರನ್ನ ಒಳಗೆ ಸೇರಿಸಿಕೊಳ್ಳುತ್ತಿರಲಿಲ್ಲ. ಹಾಗಾಗಿ 1685ರಲ್ಲಿ ವಾಜ್ ಕೆಲವು ಗೋವಾ ಪಾದ್ರಿಗಳ ಜೊತೆ ಸೇರಿ ಓರೆಟರಿ ಅನ್ನೋ ತಮ್ಮದೇ ಸಂಘವನ್ನ ಕಟ್ಟಿ ನಿಲ್ಲಿಸಿದರು. ಕೇಳೋಕೆ ಹೆಮ್ಮೆ ಅನ್ಸುತ್ತೆ. ಆದರೆ ಆ ಸಂಘಕ್ಕೆ ಸೇರೋಕೆ ಸಿಗುತ್ತಿದ್ದದ್ದು ಬ್ರಾಹ್ಮಣ ಮೂಲದ ಕ್ರೈಸ್ತರಿಗೆ ಮಾತ್ರ. ಮೈಬಣ್ಣದ ಹೆಸರಲ್ಲಿ ಹೊರಗೆ ನಿಂತವರು ಜಾತಿಯ ಹೆಸರಲ್ಲಿ ಬೇರೆಯವರನ್ನ ಹೊರಗೆ ನಿಲ್ಲಿಸಿದರು. ಇದನ್ನ ಬಿಟ್ಟು ಸಂತರ ಕತೆ ಹೇಳಿದರೆ ಅದು ಅರ್ಧ ಕತೆ.

ಇನ್ನರ್ಧ ಸಮುದ್ರದ ಆಚೆ ಇದೆ. ಸಿಲೋನಿನ ಕರಾವಳಿಯನ್ನ ಪೋರ್ಚುಗೀಸರಿಂದ ಗೆದ್ದುಕೊಂಡಿದ್ದ ಡಚ್ಚರು ಅಲ್ಲಿ ಕ್ಯಾಥೊಲಿಕ್ ಪಾದ್ರಿಗಳು ಕಾಲಿಡದ ಹಾಗೆ ಮಾಡಿದ್ದರು. ವಾಜ್ ಕೂಲಿಯವನ ವೇಷದಲ್ಲಿ 1687ರಲ್ಲಿ ಜಾಫ್ನಾ ಸೇರಿದರು. ಗೋವಾದಲ್ಲಿ ಕೊಂಕಣಿಗೆ ಕೊಟ್ಟಿದ್ದ ಮೂರು ವರ್ಷದ ಗಡುವು ಮುಗಿದದ್ದೂ ಅದೇ 1687ರಲ್ಲಿ! ಸರ್ಕಾರ ಅಲ್ಲಿ ಜನರ ನಾಲಗೆ ತಿದ್ದೋಕೆ ಹೊರಟಿತ್ತು, ಇಲ್ಲಿ 36ರ ಮೇಷ್ಟ್ರು ಜನರಿಗಾಗಿ ತಮಿಳಿಗೆ ತಮ್ಮ ನಾಲಗೆ ತಿರುಗಿಸುತ್ತಿದ್ದರು.

1692ರಲ್ಲಿ ಕ್ಯಾಂಡಿಗೆ ಹೋದರೆ, ಪೋರ್ಚುಗೀಸ್ ಗೂಢಚಾರ ಅನ್ನೋ ಅನುಮಾನದ ಮೇಲೆ ರಾಜ ಸೆರೆಗೆ ಹಾಕಿದ. ಸೆರೆಯಲ್ಲಿ ಕೂತು ಸಿಂಹಳ ಕಲಿತರು. 1697ರಲ್ಲಿ ಸಿಡುಬು ಬಂದು ಊರವರೇ ರೋಗಿಗಳನ್ನ ಬಿಟ್ಟು ಓಡಿದಾಗ, ಧರ್ಮ ಕೇಳದೆ ಆರೈಕೆ ಮಾಡಿದರು. ಬೌದ್ಧ ರಾಜನ ವಿಶ್ವಾಸ ಗಳಿಸಿದ್ದು ಹೀಗೆ. 1711ರ ಜನವರಿ 16ರಂದು ಕ್ಯಾಂಡಿಯಲ್ಲೇ ತೀರಿಕೊಂಡರು, ಮತ್ತೆ ಊರಿಗೆ ಬರಲೇ ಇಲ್ಲ. 1705ರಲ್ಲಿ ಅವರ ಜೊತೆಗೂಡಿದ ಜಾಕೊಮೆ ಗೊನ್ಸಾಲ್ವಿಸ್, ಅವರೂ ಗೋವಾದವರು, ಸಿಂಹಳದಲ್ಲಿ ಎಷ್ಟು ಬರೆದರು ಅಂದ್ರೆ ಸಿಂಹಳ ಕ್ರೈಸ್ತ ಸಾಹಿತ್ಯ ಶುರುವಾಗೋದೇ ಅವರಿಂದ ಅಂತಾರೆ.

ಇದು ಕ್ರೈಸ್ತರ ಗುಟ್ಟೇನೂ ಅಲ್ಲ. ಕಲ್ಯದಲ್ಲೇ ಐಕ್ಯನಾದ ಅಂತ ಪ್ರತೀತಿ ಇರೋ ಪಾಲ್ಕುರಿಕೆ ಸೋಮನಾಥ, ಸಂಸ್ಕೃತದ ಪಂಡಿತನಾಗಿದ್ದೂ ಬಸವಣ್ಣನ ಕತೆ ಹೇಳೋಕೆ ಆರಿಸಿಕೊಂಡಿದ್ದು ಜನರ ತೆಲುಗು, ಹಾಡಿಕೊಳ್ಳೋಕೆ ಸುಲಭವಾದ ದ್ವಿಪದಿ. ಅದನ್ನೇ 1369ರಲ್ಲಿ ಭೀಮಕವಿ ಕನ್ನಡಕ್ಕೆ ತಂದ.

ಕಲಿಸೋನಿಗೂ ಕಲಿಯೋನಿಗೂ ನಡುವೆ ಒಂದು ಭಾಷೆಯ ಹೊಳೆ ಇದ್ದೇ ಇರುತ್ತೆ. ಅದನ್ನ ದಾಟೋ ಕಷ್ಟ ಯಾರದ್ದು? ವೈಸರಾಯ್ ಅದನ್ನ ಜನರ ತಲೆಗೆ ಕಟ್ಟಿದ, ವಾಜ್ ತಮ್ಮ ತಲೆ ಮೇಲೆ ಹೊತ್ತರು. ನಾವು ಯಾವ ಕಡೆ? ಬ್ಯಾಂಕಿನ ಆ್ಯಪ್ ಮಾಡೋರು, ವಿಮೆಯ ಷರತ್ತು ಬರೆಯೋರು, ಆಸ್ಪತ್ರೆಯ ಒಪ್ಪಿಗೆ ಪತ್ರ ತಯಾರಿಸೋರು ನಾವೇ ತಾನೇ. ಮಾಗಡಿಯ ರೇಷ್ಮೆ ಬೆಳೆಗಾರ ಓದಲಾಗದ ಇಂಗ್ಲಿಷಿನ ಕೆಳಗೆ ಹೆಬ್ಬೆಟ್ಟು ಒತ್ತಿದಾಗ, 'ಅವರೂ ಸ್ವಲ್ಪ ಕಲೀಬೇಕಪ್ಪ' ಅಂತ ನಾವು ಆರಾಮಾಗಿ ಅಂದುಬಿಡ್ತೀವಿ. 1684ರ ಆದೇಶ ಹೇಳಿದ್ದೂ ಅದನ್ನೇ.

ಆದೇಶಕ್ಕೆ ಏನಾಯಿತು ಅಂತೀರಾ? ಕೊಂಕಣಿ 1987ರಲ್ಲಿ ಗೋವಾದ ರಾಜ್ಯಭಾಷೆಯಾಯಿತು, 1992ರಲ್ಲಿ ಸಂವಿಧಾನದ ಎಂಟನೇ ಪರಿಚ್ಛೇದ ಸೇರಿತು. ಮಂಗಳೂರಿನ ಚರ್ಚುಗಳಲ್ಲಿ ಜನ ಈಗಲೂ ಕನ್ನಡ ಲಿಪಿಯಲ್ಲಿ ಅಚ್ಚಾದ ಕೊಂಕಣಿ ಪುಸ್ತಕ ಹಿಡಿದು ಪ್ರಾರ್ಥನೆ ಮಾಡ್ತಾರೆ.